ಅತ್ತೆ, ಒಂದು ಮಾತು

ಮಗಳ ಬಾಯಿಂದ ಲಿಫ್ಟಮ್ಮನಿಗೆ ಸಿಗುತ್ತಿದ್ದದ್ದು ದಿನಕ್ಕೊಂದು ಸಂಖ್ಯೆ, ಅಷ್ಟೇ.

“ಮೂವತ್ತೊಂದು.”

ಬೆಳಿಗ್ಗೆ ಗಾಜು ಕೂರಿಸುವ ತನ್ನ ತಂಡದವರ ನಡುವೆ ಲಿಫ್ಟಿನೊಳಗೆ ನುಸುಳಿಕೊಂಡು ಬಂದು, ಹೆಲ್ಮೆಟ್ಟನ್ನು ಹುಬ್ಬಿನ ತನಕ ಎಳೆದುಕೊಂಡು, ಬೆನ್ನು ಅಮ್ಮನ ಕಡೆ, ಮುಖ ಜಾಲರಿಯ ಕಡೆ ಮಾಡಿ ನಿಲ್ಲುವಳು. ಹತ್ತಿದವರು ಯಾವ ಮಹಡಿಗೆ ಹೋಗಬೇಕೆಂದು ಬಾಯಿಬಿಟ್ಟು ಹೇಳಲೇಬೇಕು ಅನ್ನುವುದು ಅಲ್ಲಿನ ನಿಯಮ. ಆ ನಿಯಮ ಮಾಡಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ ಎಂದು ಲಿಫ್ಟಮ್ಮ ಎಷ್ಟೋ ಸಲ ಅಂದುಕೊಂಡಿದ್ದಳು. ಅವನಿಲ್ಲದಿದ್ದರೆ ಆ ಒಂದು ಪದಕ್ಕೂ ಗತಿ ಇರಲಿಲ್ಲ.

ಊರಿಗೆಲ್ಲ ಎತ್ತರದ ಕಟ್ಟಡ ಅದು, ಇನ್ನೂ ಬೆಳೆಯುತ್ತಲೇ ಇತ್ತು. ಅದರ ಹೊರಮೈಗೆ ಒಂದು ಉಕ್ಕಿನ ಕಂಬ ಬಿಗಿದು, ಕಂಬದ ಎರಡು ಪಕ್ಕಕ್ಕೆ ಎರಡು ಜಾಲರಿಯ ಲಿಫ್ಟು ಕೂರಿಸಿದ್ದರು. ಕೆಲಸದವರೆಲ್ಲ ಅವನ್ನು ಬೋನು ಎನ್ನುತ್ತಿದ್ದರು. ಬಲಬೋನು ಓಡಿಸುವವನು ಒಬ್ಬ ದಪ್ಪಮೀಸೆಯ ಆಸಾಮಿ, ಮಾತಾಡಿದರೆ ಮೀಸೆ ಸವೆದೀತು ಅನ್ನುವಂತೆ ಇರುವವನು. ಎಡಬೋನು ಇವಳದ್ದು. ಹೆತ್ತವರು ಇಟ್ಟ ಹೆಸರು ಯಾವ ಮೂಲೆ ಸೇರಿತೋ, ಮೇಸ್ತ್ರಿಯಿಂದ ಹಿಡಿದು ಗಾರೆಯವರ ತನಕ ಎಲ್ಲರಿಗೂ ಅವಳು ಲಿಫ್ಟಮ್ಮ.

ಕಟ್ಟಡ ಒಂದು ಮಹಡಿ ಏರಿದಾಗಲೆಲ್ಲ ಕೆಲಸದವರು ಗೊಣಗುತ್ತಿದ್ದರು. ಬೋನು ಬರಲು ಇನ್ನಷ್ಟು ಕಾಯಬೇಕು, ಮೇಲೆ ಗಾಳಿ ಇನ್ನಷ್ಟು ಜೋರು, ಊಟಕ್ಕೆ ಇಳಿದು ಮತ್ತೆ ಹತ್ತುವಷ್ಟರಲ್ಲಿ ತಿಂದದ್ದು ಅರಗಿರುತ್ತದೆ. ಖುಷಿಪಡುತ್ತಿದ್ದವಳು ಇವಳೊಬ್ಬಳೇ. ಮೇಲೆ ಕಾಂಕ್ರೀಟು ಬಿತ್ತೆಂದರೆ, ಅದರ ಹಿಂದೆಯೇ ಗಾಜಿನವರೂ ಒಂದು ಮಹಡಿ ಮೇಲೇರುತ್ತಾರೆ. ಗಾಜಿನವರು ಮೇಲೇರಿದರೆ ಮಗಳು ಬೋನಿನಲ್ಲಿ ಇನ್ನೊಂದಿಷ್ಟು ಹೊತ್ತು ನಿಲ್ಲುತ್ತಾಳೆ. ಮೊದಮೊದಲು ಉಸಿರೆಳೆದು ಬಿಡುವಷ್ಟರಲ್ಲಿ ಅವಳ ಮಹಡಿ ಬಂದುಬಿಡುತ್ತಿತ್ತು. ಈಗ ಅವಳು ಯಾವ ಸೋಪು ಹಾಕಿ ಮಿಂದಿದ್ದಾಳೆ, ನೆಗಡಿ ಕಮ್ಮಿಯಾಗಿದೆಯೋ ಇಲ್ಲವೋ, ಬೆಲ್ಟಿನ ತೂತು ಇನ್ನೊಂದು ಒಳಗೆ ಹೋಗಿದೆಯೋ, ಎಲ್ಲ ಗಮನಿಸಲು ಪುರುಸೊತ್ತಿತ್ತು. ಬೆಲ್ಟು ಒಳಗೆ ಹೋಗುತ್ತಲೇ ಇತ್ತು. ಸರಿಯಾಗಿ ಉಣ್ಣುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಆದರೆ ಕೇಳುವುದು ಹೇಗೆ?

ಒಮ್ಮೆ ಪ್ರಯತ್ನಪಟ್ಟಿದ್ದಳು. ಮಗಳಿಗೆ ಇಷ್ಟವಾದದ್ದನ್ನು ಮಾಡಿ ಡಬ್ಬಿಗೆ ತುಂಬಿ, ಬೋನಿನ ಮೂಲೆಯ ಕೊಕ್ಕೆಗೆ ನೇತುಹಾಕಿ, ಇದು ನಿನಗೆ ಎಂದಳು. ಮಗಳು ತನ್ನ ಮಹಡಿ ಬಂದಾಗ ಇಳಿದು ಹೋದಳು. ಸಂಜೆ ಡಬ್ಬಿ ಅಲ್ಲೇ ತೂಗಾಡುತ್ತಿತ್ತು. ಕೆಳಗೆ ಬೋನಿನ ಯಂತ್ರ ನೋಡಿಕೊಳ್ಳುವವನು, ಎಲ್ಲರೂ ಗ್ರೀಸಣ್ಣ ಎನ್ನುವವನು, ಅದನ್ನು ತೆರೆದು ನೋಡಿ ಪಟ್ಟಾಗಿ ಕೂತು ತಿಂದ. ತಿಂದು ಮುಗಿಸಿ, ನಾಳೆಯೂ ಮಗಳ ಮೇಲೆ ಪ್ರೀತಿ ಉಕ್ಕಿದರೆ ಉಪ್ಪು ಒಂಚೂರು ಮುಂದಾಗಿರಲಿ ಲಿಫ್ಟಮ್ಮ, ಅಂದ. ಅವಳಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು.

ಆಗಿದ್ದದ್ದು ಇಷ್ಟು. ಅಮ್ಮ, ಮಗಳು, ಅಳಿಯ ಮೂವರೂ ಇದೇ ಕಟ್ಟಡದಲ್ಲಿ ಕೆಲಸಕ್ಕಿದ್ದರು. ಅಳಿಯ ಗಾಜಿನ ತಂಡದ ಹಳೇ ಕೈ. ಮಹಡಿಯ ಅಂಚಿನಲ್ಲಿ ಬೆಲ್ಟು ಕಟ್ಟಿಕೊಂಡು, ಹೊರಗೆ ವಾಲಿ, ಕ್ರೇನಿನಿಂದ ಇಳಿದು ಬರುವ ಆಳೆತ್ತರದ ಗಾಜನ್ನು ತಬ್ಬಿ ಹಿಡಿದು ಚೌಕಟ್ಟಿಗೆ ಕೂರಿಸುವವನು. ಮಗಳಿಗೆ ಕೆಲಸ ಕಲಿಸಿದವನೂ ಅವನೇ. ಕಲಿಸುತ್ತ ಕಲಿಸುತ್ತ ಮನಸ್ಸೂ ಕೊಟ್ಟ. ಲಿಫ್ಟಮ್ಮನಿಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೇ. ಮಾತು ಜಾಸ್ತಿ, ಎಲ್ಲದಕ್ಕೂ ತಮಾಷೆ. ಬೋನು ಹತ್ತುವಾಗ, ಮಹಾರಾಣಿಯವರ ಪಲ್ಲಕ್ಕಿ ಬಂತು ದಾರಿ ಬಿಡ್ರಪ್ಪ, ಅನ್ನುವನು. ಮಗಳನ್ನು ಉಗ್ರಾಣದ ಲೆಕ್ಕದವನಿಗೆ ಕೊಡಬೇಕೆಂದು ಅವಳಿಗೆ ಆಸೆಯಿತ್ತು. ನೆಲದ ಮೇಲೆ ಕಾಲೂರಿ ದುಡಿಯುವ ಮನುಷ್ಯ, ಸಂಜೆಗೆ ಮನೆಗೆ ಬಂದೇ ಬರುತ್ತಾನೆ. ಆದರೆ ಮಗಳು ಹಟಮಾರಿ. ಮದುವೆಯಾಗಿ ಅಮ್ಮನ ಮನೆಯಲ್ಲೇ, ಒಳಗಿನ ಕೋಣೆಯಲ್ಲಿ, ಸಂಸಾರ ಹೂಡಿದರು. ಅವನು ಅಲ್ಲೂ ತಮಾಷೆ ಮಾಡಿಕೊಂಡೇ ಇದ್ದ. ಗೋಡೆಯ ಆಚೆಯಿಂದ ಮಗಳ ನಗು ಕೇಳಿಬರುತ್ತಿತ್ತು. ಇವಳು ಹೊದಿಕೆಯನ್ನು ಕಿವಿಗೆ ಎಳೆದುಕೊಳ್ಳುತ್ತಿದ್ದಳು.

ಇನ್ನೊಂದು ವಿಷಯ ಹೇಳಲೇಬೇಕು. ಎತ್ತರ ಎಲ್ಲರನ್ನೂ ಮೊದಲ ದಿನವೇ ಹಿಡಿಯುವುದಿಲ್ಲ. ವರ್ಷಗಟ್ಟಲೆ ಅಂಚಿನಲ್ಲಿ ಸೀಟಿ ಹೊಡೆದುಕೊಂಡು ನಡೆದಾಡಿದವನನ್ನು ಒಂದು ದಿನ, ಕಾರಣವೇ ಇಲ್ಲದೆ, ಹಿಡಿದುಬಿಡುತ್ತದೆ. ಕಾಲು ಕಲ್ಲಾಗುತ್ತದೆ, ಅಂಗೈ ಬೆವರುತ್ತದೆ, ಕಣ್ಣು ಕೆಳಗೂ ನೋಡುವುದಿಲ್ಲ ಮೇಲೂ ನೋಡುವುದಿಲ್ಲ, ತನ್ನ ಬೂಟನ್ನೇ ನೋಡುತ್ತಿರುತ್ತದೆ. ಲಿಫ್ಟಮ್ಮ ಅಂಥವರನ್ನು ಬೋನಿನೊಳಗೇ ಗುರುತು ಹಿಡಿಯುತ್ತಿದ್ದಳು. ಗದ್ದಲ ಮಾಡುತ್ತಿರಲಿಲ್ಲ. ಉಳಿದವರನ್ನು ಅವರವರ ಮಹಡಿಗೆ ಇಳಿಸಿ, ಇವನನ್ನು ಮಾತ್ರ ಉಳಿಸಿಕೊಂಡು, ಖಾಲಿ ಡ್ರಮ್ಮು ಇಳಿಸಲು ಒಂದಾಳು ಬೇಕು, ಇವನನ್ನು ಕರೆದೊಯ್ಯುತ್ತಿದ್ದೇನೆ ಎಂದು ವಾಕಿಟಾಕಿಯಲ್ಲಿ ಹೇಳಿ ನೆಲಕ್ಕೆ ತರುವಳು. ನೀರು ಕುಡಿಸುವಳು. ಮೇಸ್ತ್ರಿ ಕೇಳಿದರೆ ಹೊಟ್ಟೆ ಕೆಟ್ಟಿದೆ ಎನ್ನುವಳು. ಭೇದಿ ಅಂದಮೇಲೆ ಯಾವ ಮೇಸ್ತ್ರಿಯೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಏಕೆಂದರೆ ಆ ಕೆಲಸದವರ ನಡುವೆ ಹೆದರಿಕೆಗೆ ಮಾಫಿ ಇಲ್ಲ. ಒಬ್ಬ ಕುಡಿದು ಸಿಕ್ಕಿಬಿದ್ದರೆ ನಾಲ್ಕು ದಿನ ಆಡಿಕೊಂಡು ನಕ್ಕು ಮರೆಯುತ್ತಾರೆ. ಹೆದರಿದ ಎಂದು ಗೊತ್ತಾದರೆ ಅವನ ಜೊತೆ ಗಾಜು ಹಿಡಿಯಲು ಮತ್ತೆ ಯಾರೂ ನಿಲ್ಲುವುದಿಲ್ಲ. ಮುಂದಿನ ಊರಿನ ಮುಂದಿನ ಕಟ್ಟಡಕ್ಕೂ ಆ ಸುದ್ದಿ ಅವನಿಗಿಂತ ಮೊದಲೇ ಹೋಗಿ ಕೂತಿರುತ್ತದೆ. ಹಾಗಾಗಿ ಲಿಫ್ಟಮ್ಮ ಯಾರ ಗುಟ್ಟನ್ನೂ ಬಿಟ್ಟುಕೊಟ್ಟವಳಲ್ಲ. ಊಟಕ್ಕೆ ಕೂತಾಗ ಮಗಳಿಗೆ ಮಾತ್ರ, ಹೆಸರು ಹೇಳದೆ, ಇವತ್ತೊಬ್ಬನನ್ನು ಇಳಿಸಿದೆ ಕಣೇ, ಎನ್ನುವಳು.

ಕುಡಿತದ ವಿಷಯ ಬಂದರೆ ಮಾತ್ರ ಅವಳು ಕಟುಕಿ. ಅವಳ ಗಂಡ ಕುಡಿದು ಕುಡಿದೇ ಸತ್ತವನು. ಅವನು ಬಾಗಿಲು ತಟ್ಟುವ ಮೊದಲೇ ಎಷ್ಟು ಏರಿಸಿದ್ದಾನೆ, ಈ ಹೊತ್ತು ಅಳುತ್ತಾನೋ ಹೊಡೆಯುತ್ತಾನೋ ಎಂಬುದನ್ನು ಅವಳ ಮೂಗು ಹೇಳುತ್ತಿತ್ತು. ಆ ಮೂಗಿನ ಮೇಲೆ ಅವಳಿಗೆ ಎಲ್ಲಿಲ್ಲದ ಭರವಸೆ.

ಆ ದಿನ ಗಾಜಿನವರೆಲ್ಲ ಹತ್ತಿ ಹೋಗಿದ್ದರು. ಮಗಳೂ ಹೋಗಿದ್ದಳು. ಅಳಿಯ ಮಾತ್ರ ಉಗ್ರಾಣದ ಗೋಡೆಗೆ ಒರಗಿ ನಿಂತಿದ್ದು, ಬೋನು ಖಾಲಿಯಾಗಿ ಇಳಿದು ಬಂದಮೇಲೆ ನಿಧಾನವಾಗಿ ಬಂದು ಹತ್ತಿದ. ಎಲ್ಲರ ಕಣ್ಣು ತಪ್ಪಿಸಿ ಬಂದಿದ್ದಾನೆ ಎಂದು ಅವಳಿಗೆ ಆಗಲೇ ಅನ್ನಿಸಿತು. ಮುಖ ಬಿಳಿಚಿತ್ತು. ಹೆಜ್ಜೆ ಎಡವುತ್ತಿತ್ತು. ಅಂಗಿಯ ಎದೆಭಾಗ ತೊಯ್ದು ಘಂ ಎನ್ನುತ್ತಿತ್ತು. ಗಾಜಿನವರ ಮೈಯಿಂದ ಸ್ಪಿರಿಟ್ಟಿನ ವಾಸನೆ ಬರುವುದು ಹೊಸದೇನಲ್ಲ, ಅಂಟು ಹಿಡಿಯಬೇಕಾದರೆ ಚೌಕಟ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಲೇಬೇಕು. ಅದು ಅವಳಿಗೆ ಗೊತ್ತಿರದ್ದಲ್ಲ. ಆದರೆ ಬೆಳಿಗ್ಗೆ ಬೆಳಿಗ್ಗೆಯೇ, ಕೆಲಸ ಶುರುವಾಗುವ ಮೊದಲೇ, ಇಷ್ಟೊಂದು? ಬಾಯಿಯ ನಾತ ಮುಚ್ಚಲು ಮೈಮೇಲೆ ಸುರಿದುಕೊಂಡಿದ್ದಾನೆ, ಯಾರ ಹತ್ತಿರ ಆಟ ಆಡುತ್ತಾನೆ ಇವನು, ಎಂದು ಅವಳ ಒಳಗೆ ಹಳೆಯದೆಲ್ಲ ಬುಗ್ಗೆಂದು ಎದ್ದಿತು.

“ಅತ್ತೆ, ಒಂದು ಮಾತು...” ಅಂದ ಅವನು, ಜಾಲರಿ ಹಿಡಿದುಕೊಂಡು.

“ಬಾಯಿ ತೆರೀಬೇಡ,” ಎಂದಳು ಅವಳು. “ನಿನ್ನ ಮಾತು ನನಗೆ ಬೇಕಾಗಿಲ್ಲ.”

ವಾಕಿಟಾಕಿ ಎತ್ತಿ ಸೇಫ್ಟಿ ಸಾಹೇಬರನ್ನು ಕರೆದಳು. ಅವರು ಊದುವ ಯಂತ್ರ ಹಿಡಿದುಕೊಂಡು ಬಂದರು, ಜೊತೆಗೆ ನಾಲ್ಕು ಜನ ನೋಡುವವರೂ ಬಂದರು. ಊದು ಎಂದರು. ಅಳಿಯ ಯಂತ್ರವನ್ನು ನೋಡಿದ, ಸುತ್ತ ನೆರೆದವರನ್ನು ನೋಡಿದ, ಕೊನೆಗೆ ಅತ್ತೆಯನ್ನು ನೋಡಿದ. ಕೈಯೆರಡನ್ನೂ ಜೇಬಿಗೆ ಹಾಕಿಕೊಂಡು, ಊದೋದೇನು ಬಂತು ಸಾಹೇಬ್ರೇ, ಹೌದು, ಕುಡಿದಿದ್ದೀನಿ, ಎಂದ. ಯಾವತ್ತಿನ ಹಾಗೆ ನಗಲೂ ನಕ್ಕ. ಊದಲು ಒಪ್ಪದಿದ್ದರೆ ಕುಡಿದಂತೆಯೇ ಲೆಕ್ಕ. ಅವನ ಗುರುತಿನ ಬಿಲ್ಲೆ ಕಿತ್ತುಕೊಂಡು ಗೇಟಿನ ಆಚೆ ಕಳಿಸಿದರು. ಎರಡು ದಿನ ಮನೆಯಲ್ಲಿದ್ದ. ಮೂರನೆಯ ದಿನ ಅವನ ಚೀಲ ಇರಲಿಲ್ಲ, ಅವನೂ ಇರಲಿಲ್ಲ. ಮಗಳು ಫೋನು ಹಚ್ಚಿ ಹಚ್ಚಿ ಸೋತಳು. ಆಮೇಲೆ ಅವಳೂ ತನ್ನ ಬಟ್ಟೆ ಕಟ್ಟಿಕೊಂಡು, ಸೈಟಿನ ಹಿಂದಿನ ರಸ್ತೆಯಲ್ಲಿ ಹೆಣ್ಣುಮಕ್ಕಳೆಲ್ಲ ಕೂಡಿ ಹಿಡಿದಿದ್ದ ಬಾಡಿಗೆ ಕೋಣೆ ಸೇರಿದಳು.

ಸೇಫ್ಟಿ ಸಾಹೇಬರಿಗೆ ಮಾತ್ರ ಈ ಸಂಗತಿ ಚಿನ್ನದ ಗಟ್ಟಿ ಸಿಕ್ಕಿದಂತಾಯಿತು. ಬೆಳಗಿನ ಸಭೆಯಲ್ಲಿ ಹೊಸ ಆಳುಗಳು ಬಂದಾಗಲೆಲ್ಲ ಅವಳನ್ನು ಮುಂದಕ್ಕೆ ಕರೆದು ನಿಲ್ಲಿಸಿಕೊಳ್ಳುವರು. ಈ ತಾಯಿಯನ್ನು ನೋಡಿ, ಸ್ವಂತ ಅಳಿಯನನ್ನೇ ಬಿಡಲಿಲ್ಲ, ನಿಮ್ಮನ್ನು ಬಿಡುತ್ತಾಳಾ, ಎನ್ನುವರು. ಜನ ಚಪ್ಪಾಳೆ ತಟ್ಟುವರು. ಲಿಫ್ಟಮ್ಮನಿಗೆ ಮುಜುಗರವಾಗುತ್ತಿತ್ತು, ಆದರೂ ಸುಳ್ಳೇಕೆ, ಒಳಗೆ ಒಂದು ಎಳೆಯಷ್ಟು ಸಮಾಧಾನವೂ ಆಗುತ್ತಿತ್ತು. ಮೇಲೆ ಹೋಗಿದ್ದರೆ ಸತ್ತೇ ಹೋಗುತ್ತಿದ್ದ. ಮಗಳು ವಿಧವೆಯಾಗುವುದಕ್ಕಿಂತ ಸಿಟ್ಟಾಗಿರುವುದು ಮೇಲು. ಇವತ್ತಲ್ಲ ನಾಳೆ ತಿಳಿದುಕೊಂಡಾಳು ಎಂದು ನಂಬಿದ್ದಳು.

ನಾಳೆ ಬರುತ್ತಲೇ ಇತ್ತು. ಮೂವತ್ತೊಂದು ನಲವತ್ತಾಯಿತು, ನಲವತ್ತು ಐವತ್ತಾಯಿತು. ಒಂದು ದಿನ ಮೇಲೆ ಕೊನೆಯ ಕಾಂಕ್ರೀಟು ಬಿತ್ತು. ಕಟ್ಟಡ ಬೆಳೆಯುವುದು ನಿಂತಿತು. ಗಾಜಿನವರು ಮಾತ್ರ ಇನ್ನೂ ಕೆಲವು ಮಹಡಿ ಹಿಂದಿದ್ದರು. ಅವರು ತುದಿ ಮುಟ್ಟಿದರೆ ಬೋನಿನ ಕೆಲಸ ಮುಗಿದಂತೆ, ಕಂಬವನ್ನೇ ಬಿಚ್ಚುತ್ತೇವೆ, ಎಂದು ಗ್ರೀಸಣ್ಣ ಸುದ್ದಿ ತಂದ. ಗಾಜಿನ ತಂಡಕ್ಕೆ ಬೇರೆ ಊರಲ್ಲಿ ಕೆಲಸ ಒಪ್ಪಿಯಾಗಿದೆಯಂತೆ. ಯಾವ ಊರು ಎಂದು ಕೇಳಿದ್ದಕ್ಕೆ, ಅದನ್ನ ನಿಮ್ಮ ಮಗಳನ್ನೇ ಕೇಳಿ, ನಾನು ನಿಮ್ಮಿಬ್ಬರ ನಡುವಿನ ಅಂಚೆಯವನಲ್ಲ, ಎಂದು ರೇಗಿದ.

ಇನ್ನು ಕಾದರೆ ಆಗದು ಎಂದು ಅವಳಿಗೆ ಅಂದೇ ಅನ್ನಿಸಿತು. ಆದರೆ ಬೋನಿನಲ್ಲಿ ಯಾವಾಗಲೂ ಹತ್ತು ಜನ ಇರುತ್ತಿದ್ದರು. ಮಗಳೊಬ್ಬಳೇ ಸಿಕ್ಕಿದ್ದು ವಾರ ಕಳೆದಮೇಲೆ, ಗಾಳಿಯ ಒಂದು ಮಧ್ಯಾಹ್ನ. ಗಾಜನ್ನು ಕಚ್ಚಿ ಹಿಡಿಯುವ ರಬ್ಬರಿನ ಹಿಡಿಗಳನ್ನು ಉಗ್ರಾಣದಿಂದ ಹೊತ್ತುಕೊಂಡು ಮಗಳು ಓಡಿ ಬಂದಳು. ಬಲಬೋನು ಮೇಲಿತ್ತು. ಒಂದು ಕ್ಷಣ ಹಿಂದೆಮುಂದೆ ನೋಡಿ, ಬೇರೆ ದಾರಿಯಿಲ್ಲದೆ ಇದನ್ನೇ ಹತ್ತಿದಳು.

“ಐವತ್ತೇಳು.”

ಲಿಫ್ಟಮ್ಮ ಬಾಗಿಲೆಳೆದು ಹಿಡಿ ತಿರುಗಿಸಿದಳು. ಅರ್ಧ ದಾರಿ ಕಳೆದು, ಎರಡು ಮಹಡಿಗಳ ನಡುವೆ, ಆಚೆ ಈಚೆ ಬರೀ ಗಾಳಿಯಿರುವ ಕಡೆ ಕೆಂಪು ಗುಂಡಿ ಒತ್ತಿದಳು. ಬೋನು ಒಂದು ಸಲ ಕುಲುಕಿ ನಿಂತಿತು. ಹಾಗೆ ಬೇಕೆಂದೇ ನಿಲ್ಲಿಸುವುದು ಕೆಲಸ ಹೋಗುವಂಥ ತಪ್ಪು. ಅಷ್ಟು ವರ್ಷದಲ್ಲಿ ಅವಳು ಅಂಥದ್ದನ್ನು ಮಾಡಿದವಳಲ್ಲ. ವಾಕಿಟಾಕಿಯಲ್ಲಿ, ಬಾಗಿಲ ಸ್ವಿಚ್ಚು ಕೈಕೊಟ್ಟಿದೆ, ನೋಡುತ್ತಿದ್ದೇನೆ ಎಂದಳು. ಕೆಳಗಿನಿಂದ ಗ್ರೀಸಣ್ಣನ ದನಿ ಬಂತು. ಯಾವ ಸ್ವಿಚ್ಚು ಎಂದು ಅವನು ಕೇಳಲಿಲ್ಲ. ಅದು ಸ್ವಲ್ಪ ಹಟದ ಸ್ವಿಚ್ಚು, ನಿಧಾನವಾಗಿ ನೋಡಿ, ಇಲ್ಲಿ ಯಾರಿಗೂ ಅವಸರವಿಲ್ಲ, ಎಂದಷ್ಟೇ ಅಂದ.

ಮಗಳು ತಿರುಗಲಿಲ್ಲ. ರಬ್ಬರಿನ ಹಿಡಿಗಳನ್ನು ಎದೆಗೆ ಅವುಚಿಕೊಂಡು ಜಾಲರಿಯ ಆಚೆ ನೋಡುತ್ತಿದ್ದಳು. ಲಿಫ್ಟಮ್ಮ ತಿಂಗಳುಗಟ್ಟಲೆ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಒಂದರ ಕಾಲಿಗೊಂದು ತೊಡರಿ ಬಿದ್ದವು. ಮನೆಗೆ ಬಾ ಎಂದಳು. ಒಳಗಿನ ಕೋಣೆ ಹಾಗೇ ಇದೆ ಎಂದಳು. ನಾನೇನು ನಿನ್ನ ಕೆಟ್ಟದ್ದಕ್ಕೆ ಮಾಡಿದೆನಾ, ಕುಡುಕನ ಜೊತೆ ಬಾಳಿದವಳು ನಾನು, ನನಗೆ ಗೊತ್ತಿಲ್ಲವಾ, ಆ ಸ್ಥಿತಿಯಲ್ಲಿ ಮೇಲೆ ಬಿಟ್ಟಿದ್ದರೆ ಹೆಣವಾಗಿ ಇಳಿಯುತ್ತಿದ್ದ, ಎಂದಳು.

“ಅವರು ಕುಡಿದಿರಲಿಲ್ಲ.”

ಮಗಳು ಅದನ್ನು ಹೇಳಿದ್ದು ಮಹಡಿಯ ಸಂಖ್ಯೆ ಹೇಳುವ ದನಿಯಲ್ಲೇ.

“ನನ್ನ ಮೂಗು...”

“ಸ್ಪಿರಿಟ್ ಕ್ಯಾನು ಎತ್ತೋಕೆ ಹೋಗಿ ಮೈಮೇಲೆ ಚೆಲ್ಕೊಂಡಿದ್ರು. ಕೈ ನಡುಗ್ತಿತ್ತು. ಹದಿನೈದು ದಿನದಿಂದ ನಡುಗ್ತಿತ್ತು. ಅವರನ್ನ ಎತ್ತರ ಹಿಡ್ಕೊಂಡಿತ್ತು ಕಣಮ್ಮ.”

ಬೋನು ಗಾಳಿಗೆ ಸಣ್ಣಗೆ ಓಲಾಡುತ್ತಿತ್ತು. ಲಿಫ್ಟಮ್ಮ ಕೈಗೆ ಸಿಕ್ಕ ಕಂಬಿಯನ್ನು ಹಿಡಿದುಕೊಂಡಳು.

ಮಗಳು ಒಂದೊಂದಾಗಿ ಹೇಳಿದಳು. ಮನೆಯಲ್ಲಿ ಅವನು ನಿದ್ದೆಗೆಟ್ಟು ಕೂರುತ್ತಿದ್ದದ್ದು, ಅಂಚಿಗೆ ಹೋದರೆ ಬೂಟಿನೊಳಗೆ ಬೆರಳು ಮಡಚಿಕೊಂಡು ನಿಲ್ಲುತ್ತಿದ್ದದ್ದು, ತಾನು ಅವನ ಪಾಲಿನ ಕೆಲಸವನ್ನೂ ಸೇರಿಸಿ ಮಾಡಿ ಯಾರಿಗೂ ತಿಳಿಯದ ಹಾಗೆ ಮುಚ್ಚಿಟ್ಟದ್ದು. ಗೋಡೆಯ ಆಚೆ ಕೇಳುತ್ತಿದ್ದ ನಗು ಎಂದೋ ನಿಂತಿತ್ತು. ಹೊದಿಕೆಯನ್ನು ಕಿವಿಗೆ ಎಳೆದುಕೊಂಡವಳಿಗೆ ಅದು ನಿಂತದ್ದು ತಿಳಿದಿರಲಿಲ್ಲ. ಬಿಲ್ಲೆ ಕಿತ್ತುಕೊಂಡ ದಿನದ ಹಿಂದಿನ ರಾತ್ರಿ ಅವನು, ನಾಳೆ ನಾನು ಹತ್ತಲಾರೆ, ಎಂದು ಮಗುವಿನ ಹಾಗೆ ಅತ್ತನಂತೆ.

“ನಾನೇ ಹೇಳ್ದೆ,” ಎಂದಳು ಮಗಳು. ಈಗ ತಿರುಗಿದ್ದಳು. “ಅಮ್ಮನ ಹತ್ರ ಹೇಳಿ ಅಂದೆ. ಎಲ್ಲರೂ ಹತ್ತಿ ಹೋಗೋ ತನಕ ಕಾದು, ಅವಳೊಬ್ಬಳೇ ಇರುವಾಗ ಹೇಳಿ. ಅವಳು ಇಂಥವರನ್ನ ಎಷ್ಟೋ ಜನರನ್ನ ಇಳಿಸಿದ್ದಾಳೆ, ಯಾರಿಗೂ ಹೇಳಲ್ಲ, ಕೆಳಗಡೆ ಏನಾದ್ರೂ ಕೆಲಸ ನೋಡಿಕೊಡ್ತಾಳೆ ಅಂದೆ. ಅವರಿಗೆ ನಿನ್ನ ಕಂಡ್ರೆ ಭಯ. ನಾನು ಧೈರ್ಯ ತುಂಬಿ ಕಳಿಸ್ದೆ.”

ಲಿಫ್ಟಮ್ಮನಿಗೆ ಅಂದು ಜಾಲರಿ ಹಿಡಿದಿದ್ದ ಅಳಿಯನ ಕೈ ಕಣ್ಣಿಗೆ ಕಟ್ಟಿತು. ಬೆರಳ ಗಿಣ್ಣು ಬೆಳ್ಳಗಾಗಿತ್ತು. ಬೇರೆ ಯಾರದ್ದೇ ಕೈ ಆಗಿದ್ದರೂ ಅವಳು ಒಂದೇ ನೋಟಕ್ಕೆ ಗುರುತು ಹಿಡಿಯುತ್ತಿದ್ದಳು.

“ಊರವರ ಮಕ್ಕಳನ್ನೆಲ್ಲ ಇಳಿಸ್ದೆ,” ಎಂದಳು ಮಗಳು. “ಒಂದು ಮಾತು ಅಂದ್ರಂತೆ ಅವರು. ಒಂದು ಮಾತು ಕೇಳಿಸ್ಕೊಂಡಿದ್ರೆ ಆಗಿತ್ತಲ್ಲಮ್ಮ.”

ಅವನು ಎಲ್ಲಿದ್ದಾನೆ ಎಂದು ತಾಯಿ ಕೇಳಿದಳು. ಮಗಳಿಗೂ ಗೊತ್ತಿರಲಿಲ್ಲ. ನನ್ನ ಹೆದರಿಕೆ ನೋಡಿದವಳು ನೀನೊಬ್ಬಳೇ, ನಿನ್ನ ಮುಖ ನೋಡಿದರೆ ಅದೇ ನೆನಪಾಗುತ್ತದೆ ಎಂದು ಹೋಗುವ ಹಿಂದಿನ ರಾತ್ರಿ ಮಗಳಿಗೆ ಹೇಳಿದ್ದನಂತೆ. ಹುಡುಕಿಕೊಂಡು ಬರಬೇಡ ಎಂದನಂತೆ.

ಲಿಫ್ಟಮ್ಮ ಕಣ್ಣೊರೆಸಿಕೊಂಡಳು. ಈಗಲೇ ಕೆಳಗಿಳಿದು ಹೋಗುತ್ತೇನೆ, ಸಾಹೇಬರಿಗೆ ಹೇಳುತ್ತೇನೆ, ಅವನು ಕುಡಿದಿರಲಿಲ್ಲ, ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳುತ್ತೇನೆ, ನನ್ನ ಕೆಲಸ ಹೋದರೆ ಹೋಗಲಿ, ಎಂದಳು.

“ಕುಡಿದಿರಲಿಲ್ಲ ಅಂದ್ರೆ, ಮತ್ತೆ ಯಾಕೆ ನಡುಗ್ತಿದ್ದ ಅಂತಾರೆ. ಯಾಕೆ ಊದಲಿಲ್ಲ ಅಂತಾರೆ. ಏನು ಹೇಳ್ತೀಯ?” ಮಗಳು ಒಂದು ಹೆಜ್ಜೆ ಮುಂದೆ ಬಂದಳು. “ಅಷ್ಟು ಜನರ ಮುಂದೆ ಕುಡುಕ ಅನ್ನಿಸ್ಕೊಂಡು ಅವರು ಹೆದರಿಕೆ ಮುಚ್ಚಿಟ್ರು. ಉಳಿಸ್ಕೊಂಡಿದ್ದು ಅದೊಂದೇ. ಅದನ್ನೂ ಕಿತ್ಕೋಬೇಡ. ನೀನು ಯಾರಿಗೂ ಏನೂ ಹೇಳ್ಬೇಡ. ನನಗೋಸ್ಕರ ಏನಾದ್ರೂ ಮಾಡೋದಿದ್ರೆ ಸುಮ್ನಿರು. ಈಗ ಮೇಲೆ ಬಿಡು.”

ಲಿಫ್ಟಮ್ಮ ಕೆಂಪು ಗುಂಡಿ ತಿರುಗಿಸಿ ಬಿಟ್ಟಳು. ಬೋನು ಏರಿತು. ಐವತ್ತೇಳರಲ್ಲಿ ಮಗಳು ಇಳಿದಳು.

ಮರುದಿನದಿಂದ ಮಗಳು ಬಲಬೋನಿನ ಸಾಲಿಗೆ ಹೋಗಿ ನಿಂತಳು. ಎಡಬೋನು ಖಾಲಿ ಇದ್ದರೂ ಅಲ್ಲೇ ಕಾಯುವಳು. ಕೊನೆಗೆ ಆ ಸಂಖ್ಯೆಯೂ ಹೋಯಿತು. ಕಂಬದ ಆಚೆ ಪಕ್ಕದಿಂದ ಇನ್ನೊಂದು ಬೋನು ಇಳಿದು ಬರುವಾಗ, ಎರಡೂ ಒಂದನ್ನೊಂದು ದಾಟುವ ಗಳಿಗೆಯಲ್ಲಿ ಹಳದಿ ಹೆಲ್ಮೆಟ್ಟುಗಳ ನಡುವೆ ಒಂದು ಮುಖ ಸರ್‍ರನೆ ಹಾಯ್ದು ಹೋಗುತ್ತಿತ್ತು. ಅವಳದೇ ಇರಬೇಕು ಎಂದುಕೊಳ್ಳುವುದು, ಅಷ್ಟೇ.

ಅದೇ ವಾರ ಬಣ್ಣದವರು, ನೆಲಹಾಸಿನವರು ಹೊಸದಾಗಿ ಬಂದು ಸೇರಿದರು. ಬೆಳಗಿನ ಸಭೆಯಲ್ಲಿ ಸೇಫ್ಟಿ ಸಾಹೇಬರು ಎಂದಿನಂತೆ ಅವಳನ್ನು ಮುಂದಕ್ಕೆ ಕರೆದರು. ಅವಳ ಕಾಲು ಏಳಲಿಲ್ಲ. ನಾಚಿಕೆ ಅವಳಿಗೆ, ಎಂದು ಸಾಹೇಬರು ನಕ್ಕು ತಾವೇ ಕೈಹಿಡಿದು ಎಳೆದು ತಂದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಕತೆ ಈಚೆಗೆ ಬೆಳೆದಿತ್ತು. ಅಳಿಯ ಬೋನಿಗೆ ನುಗ್ಗಲು ನೋಡಿದ, ಈ ತಾಯಿ ಅಡ್ಡ ನಿಂತಳು, ಕೈ ಮುಗಿದರೂ ಕರಗಲಿಲ್ಲ, ಎಂದು ಸಾಹೇಬರು ಹೇಳುತ್ತ ಹೋದರು. ಗಾಜಿನವರ ಸಾಲಿನಲ್ಲಿ ಮಗಳು ನೆಲ ನೋಡುತ್ತ ನಿಂತಿದ್ದಳು. ಲಿಫ್ಟಮ್ಮನ ನಾಲಿಗೆ ತುದಿಯ ತನಕ ಮಾತು ಬಂತು. ನುಂಗಿಕೊಂಡಳು. ಉಗುಳು ನುಂಗಿದಷ್ಟು ಸುಲಭವಾಗಿರಲಿಲ್ಲ ಅದು. ಜನ ಚಪ್ಪಾಳೆ ತಟ್ಟಿದರು. ಹೊಸಬನೊಬ್ಬ, ಇಂಥ ಅತ್ತೆ ಸಿಕ್ಕಿದರೆ ಗೋವಿಂದ, ಎಂದ. ಎಲ್ಲರೂ ಗೊಳ್ಳೆಂದರು. ಮಗಳು ತಲೆಯೆತ್ತಿ ಒಂದೇ ಒಂದು ಸಲ ಅಮ್ಮನನ್ನು ನೋಡಿದಳು. ಸುಮ್ಮನಿದ್ದದ್ದಕ್ಕೆ ಮೆಚ್ಚಿ ನೋಡಿದಳೋ, ಸುಮ್ಮನಿರಲು ಸಾಧ್ಯವಾಯಿತಲ್ಲ ಎಂದು ಅಸಹ್ಯಪಟ್ಟು ನೋಡಿದಳೋ ಲಿಫ್ಟಮ್ಮನಿಗೆ ತಿಳಿಯಲಿಲ್ಲ. ಇನ್ನೂ ಎರಡು ಸಲ ಹಾಗೆ ನಿಲ್ಲಬೇಕಾಯಿತು. ನಿಂತಳು.

ಗಾಜು ತುದಿ ಮುಟ್ಟಿತು. ಒಳಗಿನ ಲಿಫ್ಟುಗಳು ಓಡಲು ಶುರುವಾದವು. ಗುಂಡಿ ಒತ್ತಿದರೆ ತಾವಾಗಿಯೇ ಹೋಗುವಂಥವು, ಅವಕ್ಕೆ ಓಡಿಸುವವರು ಬೇಕಿಲ್ಲ. ಹೊರಗಿನ ಕಂಬವನ್ನು ಮೇಲಿನಿಂದ ತುಂಡುತುಂಡಾಗಿ ಬಿಚ್ಚತೊಡಗಿದರು. ಕಂಬವನ್ನು ಗೋಡೆಗೆ ಬಿಗಿದಿದ್ದ ಕಡೆಯೆಲ್ಲ ಗಾಜು ಹಾಕಲು ಬಂದಿರಲಿಲ್ಲ. ಬುಡದಿಂದ ತುದಿಯ ತನಕ ಕಟ್ಟಡದ ಮೈಮೇಲೆ ಒಂದು ಉದ್ದನೆಯ ಸೀಳು ಹಾಗೇ ಉಳಿದಿತ್ತು. ಕಂಬ ಇಳಿದಂತೆ ಆ ಸೀಳನ್ನು ಮುಚ್ಚುತ್ತ ಬರುವುದು ಗಾಜಿನವರ ಕೊನೆಯ ಕೆಲಸ.

ಲಿಫ್ಟಮ್ಮನಿಗೆ ಬೇರೊಂದು ಸೈಟಿನಿಂದ ಕರೆ ಬಂದಿತ್ತು. ಅವಳ ನಿಷ್ಠೆಯ ಕತೆ ಅಲ್ಲಿಗೂ ಮುಟ್ಟಿತ್ತಂತೆ. ಇಲ್ಲಿನದು ಮುಗಿಯಲಿ ಎಂದು ಹೇಳಿ ಉಳಿದುಕೊಂಡಳು. ಗ್ರೀಸಣ್ಣನ ಜೊತೆ ನೆಲದ ಮೇಲೆ ಕೂತು, ಇಳಿದು ಬಂದ ಬೋಲ್ಟುಗಳ ಜಿಡ್ಡು ಒರೆಸಿ ಡಬ್ಬಕ್ಕೆ ತುಂಬುವುದು ಈಗಿನ ಕೆಲಸ. ತಲೆಯೆತ್ತಿದರೆ ಮಗಳು ಕಾಣುತ್ತಿದ್ದಳು. ಮೊದಲು ಆಕಾಶದಲ್ಲಿ ಒಂದು ಹಳದಿ ಚುಕ್ಕೆ. ಆಮೇಲೆ ಚುಕ್ಕೆಗೆ ಕೈಕಾಲು ಬಂದವು. ಕೆಲವು ದಿನ ಕಳೆದರೆ ಒರೆಸುವ ಬಟ್ಟೆ ಕಾಣಿಸಿತು, ಆಮೇಲೆ ತೋಳು ಮಡಚಿದ್ದು ಕಾಣಿಸಿತು. ಮಗಳು ದಿನದಿನವೂ ಅವಳ ಕಡೆಗೇ ಇಳಿದು ಬರುತ್ತಿದ್ದಳು. ಬೇರೆ ಯಾವ ದಾರಿಯೂ ಇಲ್ಲದಿದ್ದರಿಂದ ಬರುತ್ತಿದ್ದಾಳೆ ಎಂದು ಗೊತ್ತಿದ್ದರೂ, ಬೋಲ್ಟು ಒರೆಸುವ ಕೈ ಆಗಾಗ ನಿಲ್ಲುತ್ತಿತ್ತು. ನೋಡುತ್ತಾ ಕೂತರೆ ಬೋಲ್ಟು ಮೊಟ್ಟೆಯಿಡಲ್ಲ ಲಿಫ್ಟಮ್ಮ, ಎನ್ನುವನು ಗ್ರೀಸಣ್ಣ. ಎಂದು ಹೇಳಿ, ಅವಳ ಪಾಲಿನದನ್ನೂ ತನ್ನ ಕಡೆ ಎಳೆದುಕೊಂಡು ಒರೆಸುವನು.

ಆ ಗಾಜಿಗೊಂದು ಗುಣವಿತ್ತು. ಬಿಸಿಲಿನಲ್ಲಿ ಹೊರಗೆ ನಿಂತವರಿಗೆ ಅದು ಕನ್ನಡಿ. ಒಳಗಿದ್ದವರಿಗೆ ಮಾತ್ರ ಆಚೆಯದೆಲ್ಲ ಚೆನ್ನಾಗಿ ಕಾಣುತ್ತದೆ. ಗ್ರೀಸಣ್ಣ ಒಂದು ದಿನ ಅದರ ಮುಂದೆ ನಿಂತು ಹಲ್ಲು ಕಿರಿದು, ಬಕ್ಕತಲೆಗೆ ಇದ್ದಷ್ಟು ಕೂದಲನ್ನು ಬಾಚಿಕೊಂಡ. ಒಳಗೆ ಕೆಲಸ ಮಾಡುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು ಎಂದು ಆಮೇಲೆ ತಿಳಿದು, ಮೂರು ದಿನ ಆ ಕಡೆ ಸುಳಿಯಲಿಲ್ಲ.

ಕೊನೆಯ ಗಾಜು ನೆಲಮಟ್ಟದ್ದು, ಬೋನು ಬಂದು ನಿಲ್ಲುತ್ತಿದ್ದ ಜಾಗದ್ದು. ಒಳಗಿನಿಂದಲೇ ತಳ್ಳಿ ಕೂರಿಸಬೇಕು. ಲಿಫ್ಟಮ್ಮ ಎದ್ದು ಹೋಗಿ ಹೊರಗೆ ನಿಂತಳು. ಒಳಗೆ, ನಾಲ್ಕು ಹೆಜ್ಜೆ ದೂರದಲ್ಲಿ ಮಗಳು ಮೊಣಕಾಲೂರಿ ಚೌಕಟ್ಟಿನ ಅಂಚು ಒರೆಸುತ್ತಿದ್ದಳು. ಸ್ಪಿರಿಟ್ಟಿನ ವಾಸನೆ ಘಂ ಎಂದು ಬಂತು. ಬೇಕಾದಷ್ಟು ಮಾತಾಡಬಹುದಾದ ದೂರ. ಮಗಳು ತಲೆಯೆತ್ತಲಿಲ್ಲ. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಇಬ್ಬರು ಗಾಜನ್ನು ಹಿಡಿದು ತಂದರು. ಅದು ಓರೆಯಾಗಿ ಬಂದು, ನೆಟ್ಟಗಾಗಿ, ಚೌಕಟ್ಟಿನೊಳಗೆ ಕೂತಿತು. ಲಿಫ್ಟಮ್ಮನ ಎದುರಿಗೆ ಈಗ ಲಿಫ್ಟಮ್ಮನೇ ನಿಂತಿದ್ದಳು, ಹಿಂದೆ ಬಿಚ್ಚಿಟ್ಟ ಕಂಬದ ರಾಶಿ, ಅದರ ಹಿಂದೆ ರಸ್ತೆ.

ಒಳಗಿನಿಂದ ಮಗಳು ನೋಡುತ್ತಿರಬಹುದು. ಅಂಟು ತುಂಬಬೇಕು, ತೀಡಬೇಕು, ಅದಕ್ಕೆಲ್ಲ ಸಮಯ ಹಿಡಿಯುತ್ತದೆ. ನೋಡದೇ ಇರಲು ಕಣ್ಣು ಮುಚ್ಚಿ ಕೆಲಸ ಮಾಡಲಾಗುವುದಿಲ್ಲ. ಲಿಫ್ಟಮ್ಮ ಹೆಲ್ಮೆಟ್ಟು ತೆಗೆದಳು, ಕೂದಲು ಸರಿಮಾಡಿಕೊಂಡಳು. ಮುಖ ಅಳುಮೋರೆಯಾಗಿ ಕಾಣುತ್ತಿತ್ತು, ಅದನ್ನು ಅಂಗೈಯಲ್ಲಿ ಒರೆಸಿ ಸರಿಪಡಿಸಿದಳು. ಹಾಗೇ ನಿಂತಳು. ನಿಂತೇ ಇದ್ದಳು. ತಪ್ಪಾಯ್ತು ಮಗಳೇ, ಎಂದಳು, ದನಿ ಬಿಡದೆ, ತುಟಿ ಓದಿಕೊಳ್ಳುವಷ್ಟು ನಿಧಾನವಾಗಿ. ಸರಿಯಾಗಿ ಉಣ್ಣು, ಎಂದಳು. ಬಿಸಿಲು ಸರಿದು ಕುತ್ತಿಗೆಗೆ ಬಂತು. ಎಲ್ಲಿಗೆ ಹೋದರೂ ಒಂದು ಫೋನು ಮಾಡು, ಮಾತಾಡಬೇಡ, ಸುಮ್ಮನೆ ಹಚ್ಚಿ ಇಟ್ಟುಬಿಡು, ಎಂದಳು. ಕಾಲು ಜೋಮು ಹಿಡಿದಿತ್ತು. ಕದಲಿದರೆ ಮಗಳು ಕಣ್ಣು ಬೇರೆ ಕಡೆ ತಿರುಗಿಸಿಬಿಟ್ಟಾಳು ಎಂದು ಕದಲಲಿಲ್ಲ.

ಗ್ರೀಸಣ್ಣ ಬಂದು ಪಕ್ಕದಲ್ಲಿ ನಿಂತದ್ದು ಮೊದಲು ಗಾಜಿನಲ್ಲೇ ಕಾಣಿಸಿತು. ಕೈಯಲ್ಲಿದ್ದ ಬಟ್ಟೆಯನ್ನು ಸುಮ್ಮನೆ ಹಿಂಡುತ್ತಿದ್ದ. ಇವತ್ತು ಅವನ ಬಾಯಲ್ಲಿ ತಮಾಷೆ ಇರಲಿಲ್ಲ.

“ಗಾಜಿನವರ ವ್ಯಾನು ಹಿಂದಿನ ಗೇಟಿಂದ ಹೊರಟುಹೋಯ್ತು, ಲಿಫ್ಟಮ್ಮ,” ಎಂದ. “ಎಲ್ಲರೂ ಹೋದ್ರು. ಹೊತ್ತಾಯ್ತು.”

ಎಷ್ಟು ಹೊತ್ತಾಯ್ತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದ.